ಸಾಂಗರಿ ಬಿಡುವ ಹೊತ್ತಿಗೆ ಬರುತ್ತೇನೆ ಎಂದು ಮಗುವಿಗೆ ಹೇಳಿ ಬಂದಿದ್ದೇನೆ

ಬನ್ನಿಯ ನೆರಳು, ಕೊಪ್ಪಳ (ಮಾರ್ಚ್ 18)

ಎಲ್ಲರಿಗೂ ನಮಸ್ಕಾರ. ಕೊಪ್ಪಳ, ರಾಯಚೂರು, ಬಳ್ಳಾರಿಯವರ ಈ ಚರ್ಚಾ ವೇದಿಕೆಯಲ್ಲಿ ಕಾಲುವೆ ನೀರು, ಬಸ್ಸು, ಬೆಳೆಯ ಮಾತೇ ಹೆಚ್ಚು. ನನ್ನ ವಿಷಯ ಬೇರೆ. ಆದರೂ ನಮ್ಮ ಮೂರು ಜಿಲ್ಲೆಗಳವರಿಗೆ ಇದು ಬೇಗ ಅರ್ಥವಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕಳೆದ ದಸರೆಗೆ ಒಂದು ವಾರ ಮೊದಲು ಹುಬ್ಬಳ್ಳಿಯಲ್ಲಿ ಜೋಧಪುರದ ರೈಲು ಹತ್ತಿದೆ. ಅಲ್ಲಿಂದ ಬಸ್ಸಿನಲ್ಲಿ ಪೋಖರಣ್ ದಾಟಿ ಜೈಸಲ್ಮೇರ್ ಜಿಲ್ಲೆಯ ಒಂದು ಢಾಣಿ ಸೇರಿದೆ. ಢಾಣಿ ಎಂದರೆ ಹೊಲಗಳ ನಡುವೆ ಹತ್ತಿಪ್ಪತ್ತು ಮನೆಗಳು, ನಮ್ಮ ಕಡೆಯ ಹಟ್ಟಿಯ ಹಾಗೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯನ್ನೂ ಕಾಣದ ಸೀಮೆ. ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಐದು ತಿಂಗಳು ಅಲ್ಲಿಯ ಇಪ್ಪತ್ತೆರಡು ಮಕ್ಕಳಿಗೆ ಸಂಜೆಯ ಪಾಠ ಹೇಳುವುದು ನನ್ನ ಕೆಲಸವಾಗಿತ್ತು.

ಮರಳುಗಾಡೆಂದರೆ ಬರೀ ಮರಳು ಎಂದುಕೊಂಡಿದ್ದೆ. ಬಸ್ಸಿನ ಕಿಟಕಿಯಲ್ಲಿ ಮೊದಲು ಕಂಡದ್ದು ನಮ್ಮ ಬಳ್ಳಾರಿ ಜಾಲಿ. ಅಲ್ಲಿ ಅದು ವಿಲಾಯತಿ ಬಬೂಲ್. ಆಮೇಲೆ ಕಂಡದ್ದು ಬನ್ನಿ ಮರ. ಅದಕ್ಕೆ ಖೇಜಡಿ ಎನ್ನುತ್ತಾರೆ, ಅದು ರಾಜಸ್ಥಾನದ ರಾಜ್ಯವೃಕ್ಷ. ಎಲೆ ಆಡು, ಒಂಟೆಗಳಿಗೆ ಮೇವು. ಎಳೆಗಾಯಿ ಮನುಷ್ಯರಿಗೆ ಪಲ್ಯ. ಆ ಕಾಯಿಯೇ ಸಾಂಗರಿ. 1730ರಲ್ಲಿ ಜೋಧಪುರದ ಹತ್ತಿರ ಖೇಜಡಿಗಳನ್ನು ಕಡಿಯಲು ಅರಸನ ಆಳುಗಳು ಬಂದಾಗ ಅಮೃತಾದೇವಿ ಮರ ತಬ್ಬಿ ಪ್ರಾಣ ಕೊಟ್ಟಳು, ಅವಳೊಂದಿಗೆ ಒಟ್ಟು 363 ಬಿಷ್ಣೋಯಿ ಜನ ಸತ್ತರು ಎಂಬ ಕತೆಯನ್ನು ನನಗೆ ಅಲ್ಲಿ ಮೊದಲು ಹೇಳಿದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ದಸರೆಯ ದಿನ ನಾನು ಆ ಮರದ ಎಲೆ ತಂದು, ನಮ್ಮೂರಿನಲ್ಲಿ ಮಾಡುವಂತೆ ಒಬ್ಬೊಬ್ಬರ ಕೈಗೂ ಇಟ್ಟು ‘ಬಂಗಾರ ತೆಗೆದುಕೊಳ್ಳಿ’ ಎಂದೆ. ಅವಳು ತನ್ನ ಎಲೆಗಳನ್ನು ಪುಸ್ತಕದೊಳಗೆ ಇಟ್ಟಳು. ಉಳಿದವರ ಬಂಗಾರವನ್ನು ಆಡುಗಳು ತಿಂದವು.

ಮೊದಲ ತಿಂಗಳಿಡೀ ಮಕ್ಕಳು ಬೆಳಗಾದರೆ ನನ್ನ ಕೋಣೆಯ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಮಾತನಾಡಿಸಲು ಬರುತ್ತಾರೆ ಎಂದುಕೊಂಡಿದ್ದೆ. ಅವರು ನೋಡುತ್ತಿದ್ದುದು ನನ್ನನ್ನಲ್ಲ, ಮಂಚದ ಕೆಳಗಿನ ಚೀಲವನ್ನು. ನನಗಿಂತ ಮೊದಲಿದ್ದವರು ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಹೊರಟುಹೋಗಿದ್ದರಂತೆ. ಅವರನ್ನು ದೂರುವ ಹಕ್ಕು ನನಗಿಲ್ಲ. ‘ಕೊನೆಯ ದಿನವೇ ಹೇಳಿ, ಬೇಗ ಮುಗಿಸಿ, ಇಲ್ಲವಾದರೆ ಅಳುತ್ತಾರೆ’ ಎಂದು ಸಂಸ್ಥೆಯವರು ನನಗೂ ಹೇಳಿದ್ದರು, ನಾನೂ ಹಾಗೆಯೇ ಮಾಡಿದೆ.

ಹೊರಡುವ ಬೆಳಿಗ್ಗೆ ಆ ಹುಡುಗಿ ‘ಪಾಛಾ ಕದ ಆವೋಲಾ?’ ಎಂದಳು. ಮತ್ತೆ ಯಾವಾಗ ಬರುತ್ತೀರಿ ಎಂದು. ನಮ್ಮಲ್ಲಿ ಯಾರೂ ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎನ್ನುವುದಿಲ್ಲವಲ್ಲ. ನಾಲಿಗೆಗೆ ಬಂದ ‘ಹೋಗಿ ಬರುತ್ತೇನೆ’ಯನ್ನೇ ಹಿಂದಿಯಲ್ಲಿ ಹೇಳಿಬಿಟ್ಟೆ. ಅವಳು ನಂಬಿದಳು. ಮೇವಿಗೆಂದು ಎಲ್ಲ ಖೇಜಡಿಗಳನ್ನು ಸವರಿದ್ದರೂ, ಮಳೆನೀರಿನ ಟಾಂಕಾದ ಪಕ್ಕದ ಒಂದು ಮರವನ್ನು ಕಾಯಿಗೆಂದೇ ಬಿಟ್ಟಿದ್ದರು. ಅದನ್ನು ತೋರಿಸಿ ‘ಸಾಂಗರಿ ಬಂದಾಗಲೇ?’ ಎಂದಳು. ಬಸ್ಸಿಗೆ ಹೊತ್ತಾಗಿತ್ತು. ‘ಹೂಂ’ ಎಂದೆ.

ಈಗ ನಮ್ಮ ಹೊಲದ ಬದುವಿನ ಬನ್ನಿ ಹೂ ಬಿಟ್ಟಿದೆ. ಅಪ್ಪನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ, ನಾನು ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದೆ. ಈ ಬೇಸಿಗೆಯಲ್ಲಿ ಅಲ್ಲಿಗೆ ಹೋಗಲಾರೆ. ಅಲ್ಲಿಯ ಶಾಲೆಯ ಮಾಸ್ತರರು ಮೊನ್ನೆ ಫೋನ್ ಮಾಡಿದ್ದಾಗ, ಹುಡುಗಿ ಮರ ನೋಡಿಕೊಂಡು ಬರುತ್ತಾಳೆ ಎಂದರು. ಆ ಮಾತು ಕೇಳಿದಂದಿನಿಂದ ನನಗೆ ಸಮಾಧಾನವಿಲ್ಲ. ಏನು ಮಾಡಲಿ?

ಎರೆಹೊಲ, ಸಿಂಧನೂರು (ಮಾರ್ಚ್ 18)

ತಂಗಿ, ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಇಷ್ಟು ನೊಂದುಕೊಳ್ಳಬೇಡ. ಮಕ್ಕಳ ಮನಸ್ಸು ಕಾಲುವೆಯ ನೀರಿನ ಹಾಗೆ, ನಿಲ್ಲುವುದಿಲ್ಲ. ಹೊಸ ಟೀಚರ್ ಬಂದರೆ ಎರಡು ವಾರದಲ್ಲಿ ಅವರನ್ನೇ ಸುತ್ತಿಕೊಳ್ಳುತ್ತಾರೆ. ಮನೆ, ಊರು ಬಿಟ್ಟು ಐದು ತಿಂಗಳು ಕೊಟ್ಟಿದ್ದೀಯ, ಅದು ಸಣ್ಣ ಮಾತಲ್ಲ. ಅಪ್ಪನನ್ನು ನೋಡಿಕೋ. ಮಗು ತಾನಾಗಿಯೇ ಮರೆಯುತ್ತದೆ.

ಅಜ್ಜಿಯ ಮೊಮ್ಮಗ, ದೇವದುರ್ಗ (ಮಾರ್ಚ್ 19)

ಸರ್, ನಿಮ್ಮ ಹಿರಿತನಕ್ಕೆ ಕೈಮುಗಿದೇ ಹೇಳುತ್ತೇನೆ: ಮರೆಯುವುದಿಲ್ಲ. ನಾನು ಗುಳೆ ಹೋದವರ ಮಗ.

ನನ್ನ ಅಪ್ಪ, ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಾನು ಮತ್ತು ತಂಗಿ ಅಜ್ಜಿಯ ಹತ್ತಿರ. ಅವರು ಮೊದಲ ಸಲ ಹೋದಾಗ ನನಗೆ ಏಳು ವರ್ಷ. ಅವ್ವ ‘ನಾಳೆ ಬರುತ್ತೇನೆ’ ಎಂದು ತಲೆ ಸವರಿ, ನಾವು ಮಲಗಿದ ಮೇಲೆ ರಾತ್ರಿಯ ಬಸ್ಸಿಗೆ ಹೋದಳು. ನಾವು ಅಳಬಾರದು ಎಂಬ ಕರುಳಿನ ಮಾತು ಅದು, ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಆ ವರ್ಷ ನಾನು ಪ್ರತಿದಿನವೂ ‘ನಾಳೆ’ಯನ್ನು ಕಾದೆ. ಸಂಜೆಯಾದರೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ತಂಗಿಗೆ ಅವ್ವನ ಸೀರೆಯ ಚೂರು ಕೈಯಲ್ಲಿ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಮರುವರ್ಷ ಅಜ್ಜಿ ಜಗಳ ತೆಗೆದಳು. ‘ಮಕ್ಕಳಿಗೆ ಖರೆ ಹೇಳಿ ಹೋಗು’ ಎಂದು ಮಗನನ್ನು ಕೂರಿಸಿದಳು. ಅಪ್ಪ ನಮ್ಮಿಬ್ಬರನ್ನು ಎದುರಿಗೆ ಕೂರಿಸಿಕೊಂಡು ‘ದೀಪಾವಳಿ ಮುಗಿದ ಮೇಲೆ ಹೋಗುತ್ತೇವೆ, ಉಗಾದಿಗೆ ಬರುತ್ತೇವೆ’ ಎಂದ. ಅಲ್ಲಿಂದ ಲೆಕ್ಕ ಅಜ್ಜಿಯದು. ಅಮಾವಾಸ್ಯೆಗೊಂದು ಸುಣ್ಣದ ಬೊಟ್ಟು, ಅಡುಗೆಮನೆಯ ಗೋಡೆಯ ಮೇಲೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದು ‘ಇನ್ನು ಮೂರು’ ಎನ್ನುತ್ತಿದ್ದಳು. ಆ ವರ್ಷ ನಾನು ಕಟ್ಟೆಗೆ ಹೋಗಲಿಲ್ಲ. ಓದಿದೆ.

ಇನ್ನೊಂದು ವರ್ಷ ಮೇಸ್ತ್ರಿ ಕೂಲಿ ಕೊಡದೆ ಅವರು ಉಗಾದಿಗೆ ಬರಲಾಗಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅಪ್ಪ ಊರಿನ ಅಂಗಡಿಯ ಫೋನಿಗೆ ಕರೆ ಮಾಡಿ ನನ್ನನ್ನು ಕರೆಸಿ ಹೇಳಿದ. ಸಿಟ್ಟಿನಿಂದ ಮಾತು ಬಿಟ್ಟೆ. ಆದರೆ ಆ ರಾತ್ರಿ ನಿದ್ದೆ ಬಂತು. ‘ನಾಳೆ’ಯ ವರ್ಷ ಬರುತ್ತಿರಲಿಲ್ಲ.

ಅಕ್ಕ, ನೀವು ಬರಲಾರೆ ಎಂದು ಈಗಲೇ ಹೇಳಿ. ಕಾಯಿ ಬಲಿಯುವ ಮೊದಲು.

ಬಟ್ಟೆ ಅಂಗಡಿ, ರಾಯಚೂರು (ಮಾರ್ಚ್ 19)

ನಮ್ಮ ಮುತ್ತಜ್ಜ ಜಾಲೋರ್ ಕಡೆಯಿಂದ ರಾಯಚೂರಿಗೆ ಬಂದವರು. ಮನೆಯಲ್ಲಿ ಮಾರವಾಡಿ, ಅಂಗಡಿಯಲ್ಲಿ ಕನ್ನಡ. ಹೀಗಾಗಿ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಮಾತಿನಲ್ಲಿ ಮನೆಯಲ್ಲಿ ಉಳಿಯುವವರು ಹೊರಡುವವರಿಗೆ ‘ಪಾಛಾ ಆವಜೋ’ ಎನ್ನುತ್ತಾರೆ, ಮತ್ತೆ ಬನ್ನಿ ಎಂದು. ಅದು ಕರೆ. ಬರುವುದು, ಬಿಡುವುದು ಹೋದವರಿಗೆ ಬಿಟ್ಟದ್ದು. ಕನ್ನಡದ ‘ಹೋಗಿ ಬರುತ್ತೇನೆ’ ಹೊರಡುವವರ ಬಾಯಿಂದ ಬರುವ ಮಾತು. ಅದು ಮರ್ಯಾದೆಯ ಮಾತು, ‘ಹೋಗುತ್ತೇನೆ’ ಎಂಬ ಅಶುಭವನ್ನು ತಪ್ಪಿಸುವ ಮಾತು ಎಂದು ಇಲ್ಲಿ ಹುಟ್ಟಿದ ಮಗುವಿಗೆ ಗೊತ್ತು. ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಅದು ಕೊಟ್ಟ ಮಾತು. ಹಾಗಾಗಿ ಅವಳು ಬರುವ ದಿನ ಕೇಳಿದಳು. ಬುದ್ಧಿವಂತೆ.

ನನಗೆ ಸಣ್ಣವನಿದ್ದಾಗಿನಿಂದ ಒಂದು ಸಂತೋಷ: ಅಜ್ಜಿಯ ಖೇಜಡಿಗೆ ಕನ್ನಡದಲ್ಲಿ ‘ಬನ್ನಿ’ ಎಂಬ ಹೆಸರು. ಕರೆದ ಹಾಗೆಯೇ ಕೇಳಿಸುತ್ತದೆ.

ಸಾಂಗರಿ ಕೀಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಇನ್ನೂ ಸಮಯವಿದೆ. ಪತ್ರ ಬರೆಯುವುದಾದರೆ ಮಾರವಾಡಿ ಮಾತಿನಲ್ಲಿ, ದೇವನಾಗರಿಯಲ್ಲಿ ಬರೆದುಕೊಡುತ್ತೇನೆ. ಅಮ್ಮ ಪಕ್ಕದಲ್ಲಿ ಕುಳಿತು ತಿದ್ದುತ್ತಾರೆ.

ಹಾಜರಿ ಪುಸ್ತಕ, ಕುಷ್ಟಗಿ (ಮಾರ್ಚ್ 20)

ನಾನು ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕ. ಆರು ವರ್ಷದಲ್ಲಿ ನಾಲ್ಕು ಶಾಲೆ. ಪ್ರತಿ ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದಾಗ ನನ್ನ ಕೆಲಸವೂ ಮುಗಿಯುತ್ತದೆ. ಜೂನ್‌ನಲ್ಲಿ ಅದೇ ಶಾಲೆ ಸಿಗುತ್ತದೆಯೋ, ಬೇರೆಯೋ, ಸಿಗುವುದೇ ಇಲ್ಲವೋ ಗೊತ್ತಿರುವುದಿಲ್ಲ. ‘ಸರ್, ಮುಂದಿನ ವರ್ಷ ನೀವೇ ಬರುತ್ತೀರಲ್ಲ?’ ಎಂದು ಮಕ್ಕಳು ಕೇಳುತ್ತಾರೆ. ಆರು ವರ್ಷವೂ ‘ಹೂಂ, ಬರುತ್ತೇನೆ’ ಎಂದಿದ್ದೇನೆ. ಮೂರು ಸಲ ಅದು ಸುಳ್ಳಾಗಿದೆ.

ಈ ಚರ್ಚೆಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ದೇವದುರ್ಗದ ಅಣ್ಣನ ‘ನಾಳೆ’ ನನ್ನನ್ನು ಬಿಡುತ್ತಿಲ್ಲ. ನನ್ನ ತರಗತಿಯಲ್ಲೂ ಗುಳೆ ಹೋದವರ ಮಕ್ಕಳು ಎಂಟು ಜನ ಇದ್ದಾರೆ. ಹೋಗುವವರನ್ನು ಅವರು ನನಗಿಂತ ಹೆಚ್ಚು ನೋಡಿದ್ದಾರೆ. ಅವರಿಗೆ ನಾನೂ ಒಬ್ಬ ‘ನಾಳೆ’ಯವನು.

ಅಂಗನವಾಡಿಯ ಅಕ್ಕ, ಸಿರುಗುಪ್ಪ (ಮಾರ್ಚ್ 20)

ನನ್ನ ಮಕ್ಕಳು ಮೂರರಿಂದ ಆರು ವರ್ಷದವರು. ಪ್ರತಿವರ್ಷ ಬೇಸಿಗೆ ಮುಗಿದರೆ ದೊಡ್ಡವರು ಒಂದನೆಯ ತರಗತಿಗೆ ಹೋಗುತ್ತಾರೆ. ಕೂಲಿಗೆ ಬಂದವರ ಮಕ್ಕಳು ಸುಗ್ಗಿ ಮುಗಿದ ಮರುದಿನವೇ ಕಾಣೆಯಾಗುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ, ಸರಿಯೆನಿಸಿದರೆ ತೆಗೆದುಕೊಳ್ಳಿ.

ಹೊರಡುವ ಮಾತನ್ನು ಒಂದೇ ದಿನ ಹೇಳಿದರೆ ಮಗುವಿಗೆ ತಲುಪುವುದಿಲ್ಲ. ತಿಂಗಳ ಮೊದಲು ಒಮ್ಮೆ, ಹದಿನೈದು ದಿನ ಇರುವಾಗ ಒಮ್ಮೆ, ಆಮೇಲೆ ದಿನವೂ ಹೇಳಬೇಕು. ಮೊದಲ ದಿನ ಕೇಳಿಸಿಕೊಳ್ಳುವುದೇ ಇಲ್ಲ. ಮೂರನೆಯ ದಿನ ಸಿಟ್ಟು ಮಾಡುತ್ತಾರೆ, ಹಟ ಹಿಡಿಯುತ್ತಾರೆ, ಕೆಲವರು ಹತ್ತಿರವೇ ಬರುವುದಿಲ್ಲ. ಅದನ್ನು ಕಂಡು ‘ಹೇಳಿದ್ದೇ ತಪ್ಪಾಯಿತು’ ಎಂದು ಹೆದರಬಾರದು. ನಾನು ಇರುವಾಗಲೇ ಆ ಸಿಟ್ಟು ಹೊರಗೆ ಬಂದರೆ ಒಳ್ಳೆಯದು. ನಾವು ಬೇರೆಯಾದ ಮೇಲೆ ಬಂದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು?

ಇನ್ನೊಂದು ಮಾತು, ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮಕ್ಕಳ ಎದುರು ನಾವೇ ಬಿಕ್ಕಿ ಬಿಕ್ಕಿ ಅತ್ತರೆ, ಅವರು ತಮ್ಮ ದುಃಖ ಬಿಟ್ಟು ನಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಬೀಳುತ್ತಾರೆ. ನಾಲ್ಕು ವರ್ಷದ ಮಗು ನನ್ನ ಕಣ್ಣು ಒರೆಸಿ ‘ಅಳಬೇಡಿ’ ಎಂದಿತ್ತು. ಆ ಮಗು ತಾನು ಅಳಲೇ ಇಲ್ಲ. ಕಣ್ಣು ತುಂಬಿ ಬಂದರೆ ಬರಲಿ, ಆದರೆ ಅವತ್ತಿನ ಅಳು ಅವರದು.

ಉಡುಗೊರೆಯ ರಾಶಿ ಹಂಚುವುದು, ಮಕ್ಕಳನ್ನು ಅಪ್ಪಿಕೊಂಡು ತೆಗೆಸಿಕೊಂಡ ಫೋಟೋಗಳನ್ನು ಊರಿಗೆಲ್ಲ ಕಾಣುವಂತೆ ಮೊಬೈಲಿನಲ್ಲಿ ಹಾಕುವುದು ಬೇಡವೇ ಬೇಡ. ಅವರ ಮುಖ ಅವರ ಮನೆಯವರ ಸ್ವತ್ತು.

ಕೊಪ್ಪಳದ ತಂಗಿ, ನೀವು ಆ ಮಗುವಿಗೆ ಬರೆಯುವಾಗ ನಿಮ್ಮ ಕಷ್ಟವನ್ನು ಉದ್ದಕ್ಕೆ ಬರೆಯಬೇಡಿ. ಅಪ್ಪನ ಮೊಣಕಾಲಿನ ಮಾತು ಒಂದು ಸಾಲು ಸಾಕು. ಅವಳ ಕೈಗೆ ನಿಮ್ಮ ಪಶ್ಚಾತ್ತಾಪವನ್ನು ಹೊರಿಸಬೇಡಿ.

ಬನ್ನಿಯ ನೆರಳು, ಕೊಪ್ಪಳ (ಮಾರ್ಚ್ 21)

ಅಕ್ಕ, ನಿಮ್ಮ ಕೊನೆಯ ಸಾಲು ಓದಿ, ಬರೆದಿಟ್ಟಿದ್ದ ಎರಡು ಪುಟದ ಪತ್ರವನ್ನು ಹರಿದುಹಾಕಿದೆ. ಅದರಲ್ಲಿ ಇದ್ದದ್ದು ನಾನೇ.

ದೇವದುರ್ಗದ ಅಣ್ಣ, ನೀವು ಬರೆದದ್ದಕ್ಕೆ ಹೇಗೆ ಧನ್ಯವಾದ ಹೇಳಲಿ, ಗೊತ್ತಾಗುತ್ತಿಲ್ಲ. ಕೊನೆಯ ದಿನವೇ ಹೇಳಿದ್ದು ಮಕ್ಕಳಿಗಾಗಿ ಎಂದು ಇಷ್ಟು ದಿನ ನಂಬಿದ್ದೆ. ಅವರು ಸಿಟ್ಟು ಮಾಡಿಕೊಂಡು ಮುಖ ತಿರುಗಿಸುವ ಹದಿನೈದು ದಿನಗಳನ್ನು ನಾನು ತಡೆಯಲಾರದೆ ಹೋದೆ, ಅಷ್ಟೇ ನಿಜ.

ಸಿರುಗುಪ್ಪದ ಹೆಸರು ಕಂಡು ಒಂದು ನೆನಪು ಬಂತು. ಆ ಹುಡುಗಿ ಚಿತ್ರ ಬರೆಯುತ್ತಾಳೆ. ಒಂದು ದಿನ ಉದ್ದ ಕುತ್ತಿಗೆಯ ದೊಡ್ಡ ಹಕ್ಕಿ ಬರೆದು ‘ಗೋಡಾವಣ್’ ಎಂದಳು. ರಾಜಸ್ಥಾನದ ರಾಜ್ಯಪಕ್ಷಿ, ಈಗ ಬೆರಳೆಣಿಕೆಯ ಕಡೆ ಮಾತ್ರ ಉಳಿದಿರುವ ಹಕ್ಕಿ. ನಮ್ಮ ಸಿರುಗುಪ್ಪದ ಎರೆಭೂಮಿಯಲ್ಲೂ ಇದು ಇದೆ, ನಾವು ಎರ್ಲಡ್ಡು ಎನ್ನುತ್ತೇವೆ ಎಂದಾಗ ಅವಳು ಬಹಳ ಹೊತ್ತು ಯೋಚಿಸಿ ‘ಹಾಗಾದರೆ ಅದು ಅಲ್ಲಿಗೂ ಇಲ್ಲಿಗೂ ಹೋಗಿ ಬರುತ್ತದೆಯೇ?’ ಎಂದಿದ್ದಳು. ಇಲ್ಲ, ಅಲ್ಲಿಯದು ಅಲ್ಲಿ, ಇಲ್ಲಿಯದು ಇಲ್ಲಿ ಎಂದು ಅವತ್ತು ನಿಜವನ್ನೇ ಹೇಳಿದ್ದೆ. ಹಕ್ಕಿಯ ವಿಷಯದಲ್ಲಿ ಹೇಳಿದ ನಿಜವನ್ನು ನನ್ನ ವಿಷಯದಲ್ಲಿ ಹೇಳಲಿಲ್ಲ.

ಈಗ ಬರೆದಿರುವ ಪತ್ರ ಇಷ್ಟೇ. ತಪ್ಪಿದ್ದರೆ ತಿದ್ದಿ:

‘ಸಾಂಗರಿ ಬಂದಾಗ ಬರುತ್ತೇನೆ ಎಂದು ಹೇಳಿದ್ದೆ. ಬರಲಾಗುವುದಿಲ್ಲ. ಅಪ್ಪನ ಕಾಲಿಗೆ ಆಪರೇಷನ್ ಆಗಿದೆ, ನಾನು ಇಲ್ಲಿ ಇರಬೇಕು. ಯೋಚಿಸದೆ ಹೂಂ ಎಂದದ್ದು ನನ್ನ ತಪ್ಪು, ನಿನ್ನದಲ್ಲ. ಸಿಟ್ಟು ಬಂದರೆ ಮಾಸ್ತರರ ಫೋನಿನಲ್ಲಿ ನನಗೆ ಹೇಳು. ಕೇಳುತ್ತೇನೆ. ನಮ್ಮ ಹೊಲದ ಖೇಜಡಿಯೂ ಹೂ ಬಿಟ್ಟಿದೆ. ನೀನು ಕೊಟ್ಟ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ದಸರೆಯ ರಜೆಯಲ್ಲಿ ಬರುತ್ತೇನೆ.’

ಅಜ್ಜಿಯ ಮೊಮ್ಮಗ, ದೇವದುರ್ಗ (ಮಾರ್ಚ್ 21)

ಕೊನೆಯ ಸಾಲು ಖಚಿತವೇ ಅಕ್ಕ? ಖಚಿತವಿಲ್ಲದಿದ್ದರೆ ತೆಗೆದುಬಿಡಿ. ಎರಡನೆಯ ಸಲ ತಪ್ಪಿದರೆ ಮೊದಲನೆಯದಕ್ಕಿಂತ ಕಷ್ಟ.

ಬನ್ನಿಯ ನೆರಳು, ಕೊಪ್ಪಳ (ಮಾರ್ಚ್ 22)

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಅಪ್ಪನನ್ನೂ ಕೇಳಿದೆ, ಕಚೇರಿಯಲ್ಲೂ ಕೇಳಿದೆ. ದಸರೆಗೆ ಆರು ದಿನ ರಜೆ ಕೊಡುತ್ತೇವೆ ಎಂದಿದ್ದಾರೆ. ಆದರೂ ಸಾಲು ಬದಲಿಸಿದ್ದೇನೆ: ‘ದಸರೆಗೆ ಬರಲು ರಜೆ ಕೇಳಿದ್ದೇನೆ. ರೈಲಿನ ಟಿಕೆಟ್ ಸಿಕ್ಕಿದ ದಿನ ಫೋನ್ ಮಾಡಿ ಹೇಳುತ್ತೇನೆ. ಸಿಗದಿದ್ದರೂ ಫೋನ್ ಮಾಡುತ್ತೇನೆ.’ ರಾಯಚೂರಿನ ಅಣ್ಣ ಮಾರವಾಡಿಯಲ್ಲಿ ಬರೆದುಕೊಟ್ಟಿದ್ದಾರೆ. ಇವತ್ತು ಅಂಚೆಗೆ ಹಾಕುತ್ತೇನೆ.

ಎರೆಹೊಲ, ಸಿಂಧನೂರು (ಮಾರ್ಚ್ 23)

ನಾನು 18ರಂದು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಂದು ತಂಗಿಗೆ ಸಮಾಧಾನ ಹೇಳಬೇಕೆಂಬ ಅವಸರದಲ್ಲಿದ್ದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆ. ವರ್ಗಾವಣೆಯ ಆದೇಶ ಶನಿವಾರ ಕೈಗೆ ಬಂತು, ಸೋಮವಾರ ಹೊಸ ಶಾಲೆಯಲ್ಲಿ ಹಾಜರಾದೆ. ಮಕ್ಕಳಿಗೆ ಹೇಳಲೇ ಇಲ್ಲ. ಎರಡು ವರ್ಷದ ಹಿಂದೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಒಬ್ಬರು ಕಾಲಿಗೆ ನಮಸ್ಕಾರ ಮಾಡಿದರು. ತಲೆ ಅರ್ಧ ಬೆಳ್ಳಗಾಗಿದೆ. ಗುರುತು ಸಿಗಲಿಲ್ಲ. ಹೆಸರು ಹೇಳಿ, ಊರು ಹೇಳಿ, ‘ಸರ್, ನಮ್ಮ ಲೆಕ್ಕದ ಪುಸ್ತಕಗಳು ನಿಮ್ಮ ಹತ್ತಿರವೇ ಉಳಿದವು’ ಎಂದರು. ಹೌದು, ಶುಕ್ರವಾರ ತಿದ್ದಲು ಮನೆಗೆ ತಂದಿದ್ದೆ. ಸಾಮಾನಿನ ಜೊತೆ ಬಂದುಬಿಟ್ಟಿದ್ದವು. ‘ಸೋಮವಾರ ಪುಸ್ತಕ ಕೊಡಲು ಬರುತ್ತೀರಿ ಎಂದು ನಾವು ಬಹಳ ದಿನ ನೋಡಿದೆವು’ ಎಂದರು. ದೂರಿನ ದನಿಯಲ್ಲ, ನೆನಪಿನ ದನಿ.

ಮಕ್ಕಳು ಮರೆಯುತ್ತಾರೆ ಎಂದು ಮೂವತ್ತನಾಲ್ಕು ವರ್ಷ ನಂಬಿದ್ದೆ. ಮರೆತವನು ನಾನು.

ಕೋಟೆಯ ಬುಡ, ಬಳ್ಳಾರಿ (ಮಾರ್ಚ್ 25)

ಪದವಿ ಮುಗಿಸಿದ್ದೇನೆ. ಜೂನ್‌ನಿಂದ ಮೂರು ತಿಂಗಳು ಮರಳುಗಾಡಿನ ಒಂದು ಶಾಲೆಗೆ ಸ್ವಯಂಸೇವಕನಾಗಿ ಹೋಗುವವನಿದ್ದೇನೆ. ಇದನ್ನೆಲ್ಲ ಓದಿದ ಮೇಲೆ ಹೋಗುವುದೇ ತಪ್ಪೇನೋ ಅನ್ನಿಸುತ್ತಿದೆ. ಮೂರು ತಿಂಗಳಿಗೆ ಹೋಗಿ ಮಕ್ಕಳಿಗೆ ನೋವು ಕೊಟ್ಟು ಬರುವುದಕ್ಕಿಂತ ಹೋಗದಿರುವುದು ವಾಸಿಯೇ?

ಅಂಗನವಾಡಿಯ ಅಕ್ಕ, ಸಿರುಗುಪ್ಪ (ಮಾರ್ಚ್ 25)

ಹೋಗು ತಮ್ಮ. ಆದರೆ ಮೊದಲ ದಿನವೇ, ಹೆಸರು ಹೇಳಿದ ಹಾಗೆಯೇ, ಎಷ್ಟು ದಿನಕ್ಕೆ ಬಂದಿದ್ದೇನೆ ಎಂಬುದನ್ನೂ ಹೇಳು. ಗೋಡೆಗೆ ಒಂದು ಕ್ಯಾಲೆಂಡರ್ ಹಾಕು, ದಿನ ಅಳಿಸುವ ಕೆಲಸ ಮಕ್ಕಳಿಗೆ ಕೊಡು. ಮತ್ತೆ, ನೀನು ಒಬ್ಬನೇ ಮಾಡಬಲ್ಲ ಪಾಠ ಮಾಡಬೇಡ. ಅಲ್ಲಿಯ ಟೀಚರ್ ಜೊತೆ ಸೇರಿ ಮಾಡು. ನೀನು ವಾಪಸ್ ಬಂದ ಮೇಲೂ ಅದು ಅಲ್ಲಿ ನಡೆಯಬೇಕು.

ಅಜ್ಜಿಯ ಮೊಮ್ಮಗ, ದೇವದುರ್ಗ (ಮಾರ್ಚ್ 25)

ಹೋಗಿ. ನನಗೆ ಓದಲು ಕಲಿಸಿದವರು ನಮ್ಮ ಊರಿನಲ್ಲಿ ನಾಲ್ಕೇ ತಿಂಗಳು ಇದ್ದರು. ಅವರು ಯಾವಾಗ ಹೋಗುತ್ತಾರೆಂದು ನಮಗೆ ಗೊತ್ತಿತ್ತು.

ಹಾಜರಿ ಪುಸ್ತಕ, ಕುಷ್ಟಗಿ (ಏಪ್ರಿಲ್ 10)

ಇಂದು ಕೊನೆಯ ದಿನ. ಮಾರ್ಚ್ 24ರಿಂದಲೇ ಹೇಳುತ್ತ ಬಂದಿದ್ದೆ. ಸಿರುಗುಪ್ಪದ ಅಕ್ಕ ಬರೆದಂತೆಯೇ ಆಯಿತು. ಮೂರನೆಯ ದಿನದಿಂದ ಐದನೆಯ ತರಗತಿಯ ಒಬ್ಬ ಹುಡುಗ ಹಿಂದಿನ ಸಾಲಿಗೆ ಹೋಗಿ ಕುಳಿತ. ಮನೆಪಾಠ ತೋರಿಸುವುದನ್ನು ಬಿಟ್ಟ. ಕರೆದರೆ ಗೋಡೆ ನೋಡುತ್ತಿದ್ದ. ನಾನು ಸುಮ್ಮನಿದ್ದೆ, ದಿನವೂ ಅವನ ಹೆಸರು ಕೂಗಿ ಹಾಜರಿ ಹಾಕಿದೆ. ಎಲ್ಲರ ಪುಸ್ತಕ ತಿದ್ದಿ ವಾಪಸ್ ಕೊಟ್ಟೆ, ಸಿಂಧನೂರಿನ ಸರ್ ಅವರನ್ನು ನೆನೆದು.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅವನೇ ಬಂದ. ‘ಮುಂದಿನ ವರ್ಷ ನೀವೇ ಬರುತ್ತೀರಾ?’ ಎಂದ. ‘ಗೊತ್ತಿಲ್ಲ. ನನಗೆ ಯಾರೂ ಹೇಳಿಲ್ಲ. ಈ ಶಾಲೆ ಸಿಗದಿದ್ದರೂ ಜೂನ್‌ನಲ್ಲಿ ಒಂದು ದಿನ ಬಂದು ನಿಮಗೆ ಹೇಳಿ ಹೋಗುತ್ತೇನೆ’ ಎಂದೆ. ನನ್ನೂರು ಅಲ್ಲಿಂದ ಹನ್ನೊಂದು ಕಿಲೋಮೀಟರ್, ಇದು ನಾನು ಉಳಿಸಿಕೊಳ್ಳಬಲ್ಲ ಮಾತು. ಅವನು ಸ್ವಲ್ಪ ಹೊತ್ತು ನಿಂತು, ‘ಸೋಮವಾರ ಬರಬೇಡಿ, ಸೋಮವಾರ ನಾನು ಅಜ್ಜನ ಜೊತೆ ಸಂತೆಗೆ ಹೋಗಿರುತ್ತೇನೆ’ ಎಂದ.

ಬನ್ನಿಯ ನೆರಳು, ಕೊಪ್ಪಳ (ಮೇ 4)

ತಡವಾಗಿ ಬರೆಯುತ್ತಿದ್ದೇನೆ, ಅಪ್ಪನ ಓಡಾಟದಲ್ಲಿದ್ದೆ. ಈಗ ಕೋಲು ಹಿಡಿದು ನಡೆಯುತ್ತಾರೆ.

ಪತ್ರ ತಲುಪಿತು. ಎರಡು ವಾರ ಏನೂ ಸುದ್ದಿ ಇರಲಿಲ್ಲ. ಓದಿ ಮಡಚಿ ಮನೆಗೆ ಒಯ್ದಳು, ಏನೂ ಹೇಳಲಿಲ್ಲ ಎಂದಷ್ಟೇ ಮಾಸ್ತರರು ತಿಳಿಸಿದ್ದರು. ನಿನ್ನೆ ಸಂಜೆ ಅವಳೇ ಫೋನಿನಲ್ಲಿ ಬಂದಳು. ಸಿಟ್ಟು ಬಂದಿತ್ತು ಎಂದು ಮೊದಲು ಹೇಳಿದಳು. ಕೇಳಿದೆ. ಆಮೇಲೆ ಅಪ್ಪನ ಕಾಲು ಹೇಗಿದೆ ಎಂದಳು. ಮರದ ತುಂಬ ಸಾಂಗರಿ ಬಂದಿದೆಯಂತೆ. ಬೇಯಿಸಿ ಬಿಸಿಲಿನಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಕೆಡುವುದಿಲ್ಲ, ನಿಮ್ಮ ಪಾಲನ್ನು ಬೇರೆ ಡಬ್ಬಿಯಲ್ಲಿ ಹಾಕಿದ್ದೇನೆ ಎಂದಳು.

ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ಸಿಗುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುಣ್ಣದ ಬೊಟ್ಟು ಇಟ್ಟಿದ್ದೇನೆ.